ಡ್ರೋನ್‌ನವರನ್ನು ಗೊತ್ತು ಮಾಡುವ ಮುನ್ನ

ಪ್ರಶ್ನೆ: ಗೋಕುಲ ರಸ್ತೆಯ ಕಲ್ಯಾಣ ಮಂಟಪದಲ್ಲಿ ಮಗಳ ಮದುವೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಡ್ರೋನ್ ಹಾರಿಸಬೇಕೆಂಬುದು ಮಕ್ಕಳ ಆಸೆ. ‘ನಮ್ಮದು 249 ಗ್ರಾಂನದು, ಯಾವ ಪರವಾನಗಿಯೂ ಬೇಡ’ ಅನ್ನುತ್ತಾರೆ ಒಬ್ಬರು. ಒಪ್ಪಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಒಪ್ಪಬೇಡಿ. ವಿಮಾನ ನಿಲ್ದಾಣ ಇರುವುದೇ ಗೋಕುಲ ರಸ್ತೆಯಲ್ಲಿ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 5 ಕಿ.ಮೀ. ಒಳಗೆ ಕೆಂಪು ವಲಯ. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ನೆಲ ಬಿಟ್ಟು ಏಳುವಂತಿಲ್ಲ. 5ರಿಂದ 8 ಕಿ.ಮೀ. ಹಳದಿ ವಲಯ, ಅಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. 8ರಿಂದ 12 ಕಿ.ಮೀ.ವರೆಗೆ 200 ಅಡಿ, ಅದರಾಚೆ 400 ಅಡಿ ಎತ್ತರದ ತನಕ ಹಸಿರು, ಅಂದರೆ ಅನುಮತಿ ಬೇಡದ ವಲಯ. ಸರ್ಕಾರದ ಡ್ರೋನ್ ಜಾಲತಾಣ ‘ಡಿಜಿಟಲ್ ಸ್ಕೈ’ನ ನಕ್ಷೆಯಲ್ಲಿ ಮಂಟಪದ ಜಾಗ ಹುಡುಕಿ ನೀವೇ ನೋಡಿಕೊಳ್ಳಿ, ಬೇರೆ ಕಾರಣಕ್ಕೆ ಕೆಂಪಾದ ಜಾಗಗಳೂ ಅದರಲ್ಲಿ ಕಾಣುತ್ತವೆ.

249 ಗ್ರಾಂನ ಮಾತು ಅರ್ಧ ನಿಜ. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ, ವಿಮೆಯೂ ಕಡ್ಡಾಯವಲ್ಲ. ವಲಯದ ನಿಯಮದಿಂದ ಮಾತ್ರ ಅದಕ್ಕೂ ಬಿಡುಗಡೆ ಇಲ್ಲ. ಅದೇ ಡ್ರೋನ್‌ಗೆ ದೊಡ್ಡ ಬ್ಯಾಟರಿಯನ್ನೋ ರೆಕ್ಕೆಯ ಗಾರ್ಡನ್ನೋ ಹಾಕಿದರೆ ತೂಕ 250 ದಾಟಿ ಮೈಕ್ರೋ ವರ್ಗಕ್ಕೆ ಹೋಗುತ್ತದೆ. ಆಗ ಹಣ ಪಡೆದು ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ, ಡ್ರೋನ್‌ನ ನೋಂದಣಿ ಸಂಖ್ಯೆ, ಮೂರನೇ ವ್ಯಕ್ತಿ ವಿಮೆ ಮೂರೂ ಇರಬೇಕು. ಪ್ರಮಾಣಪತ್ರದಲ್ಲಿರುವ ಹೆಸರಿನವರೇ ಅಂದು ರಿಮೋಟ್ ಹಿಡಿಯುತ್ತಾರೋ ಎಂದೂ ಕೇಳಿ.

‘ಹಾಗಾದರೆ ಮಂಟಪದ ಒಳಗೇ ಹಾರಿಸೋಣ’ ಎಂದಾರು. ಅದು ಇನ್ನೂ ಅಪಾಯ. ಚಾವಣಿಯಡಿ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ, ಡ್ರೋನ್ ತನ್ನ ಹೊಟ್ಟೆಯ ಕ್ಯಾಮೆರಾದಿಂದ ನೆಲ ನೋಡಿಕೊಂಡು ನಿಲ್ಲುತ್ತದೆ. ಕೆಳಗೆ ನೂರಾರು ಜನ ಕೈ ಎತ್ತಿ ಅಕ್ಕಿಕಾಳು ಎಸೆಯುವಾಗ ನೆಲವೇ ಸರಿದಂತೆ ಅದಕ್ಕೆ ಕಂಡು, ಡ್ರೋನ್ ಪಕ್ಕಕ್ಕೆ ತೇಲುತ್ತದೆ. ಆ ಒಂದು ದೃಶ್ಯಕ್ಕೆ ಉದ್ದ ತೋಳಿನ ತುದಿಗೆ ಕ್ಯಾಮೆರಾ ಕಟ್ಟುವ ಜಿಬ್ ಕ್ರೇನ್ ಸಾಕು. ಜೋಡಿಯ ಡ್ರೋನ್ ಚಿತ್ರೀಕರಣವನ್ನು ಇನ್ನೊಂದು ದಿನ ಹಸಿರು ವಲಯದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಕಪ್ಪತಗುಡ್ಡದ ಅಂಚಿನ ನಮ್ಮ ಹೊಲದ ವಿಡಿಯೊ ಮಾಡಿಸಿದೆವು. ಒಂದೊಂದು ಕಡೆ ಚಿತ್ರ ಜೆಲ್ಲಿಯ ಹಾಗೆ ನಡುಗುತ್ತದೆ, ಉಳಿದ ಕಡೆ ತಡೆತಡೆದು ಓಡುತ್ತದೆ. ಡ್ರೋನ್ ಹಳೆಯದೇ?
– ಓದುಗರು, ಗದಗ

ಉತ್ತರ: ಇವು ಎರಡು ಬೇರೆ ಬೇರೆ ದೋಷ. ನಡುಕಕ್ಕೆ ಕಾರಣ ಹೆಚ್ಚಾಗಿ ರೆಕ್ಕೆ. ಅಂಚಿನ ಮೇಲೆ ಉಗುರು ಎಳೆದು ನೋಡಿದರೆ ಕಚ್ಚು ಸಿಕ್ಕುತ್ತದೆ. ಅಷ್ಟು ಸಣ್ಣ ಕಚ್ಚಿನ ಕಂಪನವೂ ಕ್ಯಾಮೆರಾ ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವಾಗ ಅಲೆಯಾಗಿ ಮೂಡುತ್ತದೆ. ರೆಕ್ಕೆಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ಗಿಂಬಲ್ ಅನ್ನು ಹಿಡಿದಿರುವ ರಬ್ಬರ್ ಹರಿದಿಲ್ಲವೇ ಎಂದೂ ನೋಡಬೇಕು.

ತಡೆತಡೆದು ಓಡುವುದು ಶಟರ್ ವೇಗದ, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬಿಡುವ ಹೊತ್ತಿನ ತಪ್ಪು. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡ್ ಇದ್ದರೆ ಚಲನೆ ಕಣ್ಣಿಗೆ ಹಿತ. ಮಟಮಟ ಮಧ್ಯಾಹ್ನ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್ (ಲೆನ್ಸ್ ಕಿಂಡಿಯ ಅಳತೆ) 2.8ರಲ್ಲಿ ಕ್ಯಾಮೆರಾ ತಾನಾಗಿ 1/3200ರ ಹತ್ತಿರ ಹೋಗುತ್ತದೆ. ಲೆನ್ಸ್‌ಗೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು, ಎನ್‌ಡಿ 64 ಫಿಲ್ಟರ್ ಹಾಕಿದರೆ ಸರಿಯಾಗಿ 1/50ಕ್ಕೆ ಇಳಿಯುತ್ತದೆ. ‘ಎನ್‌ಡಿ ಫಿಲ್ಟರ್ ತರುತ್ತೀರಾ?’ ಎಂದು ಕೇಳಿದರೆ ಸಾಕು, ಎದುರಿನವರ ಕಸುಬು ತಿಳಿಯುತ್ತದೆ.

ನಿಮ್ಮ ಕಡೆ ಗಾಳಿ ಜೋರು. 249 ಗ್ರಾಂನ ಹಲವು ಮಾದರಿಗಳು ತಾಳುವುದು ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ ಸುಮಾರು 38 ಕಿ.ಮೀ. ಗಾಳಿಯನ್ನು ಮಾತ್ರ. ಬೆಳಿಗ್ಗೆಯೇ ಮುಗಿಸಿ. ಮೊದಲು ಗಾಳಿಗೆ ಎದುರಾಗಿ ಹೋಗಿ ಗಾಳಿಯ ಜೊತೆ ಮರಳಬೇಕು. ತಿರುಗುಮುರುಗಾದರೆ ವಾಪಸು ಬರುವಾಗ ಬ್ಯಾಟರಿ ಖಾಲಿಯಾಗಿ ಡ್ರೋನ್ ಯಾರದೋ ಹೊಲದಲ್ಲಿ ಇಳಿಯುತ್ತದೆ. ಕಪ್ಪತಗುಡ್ಡ ವನ್ಯಜೀವಿಧಾಮ, ಅದರ ಗಡಿ ದಾಟಿಸಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಪ್ರಶ್ನೆ: ನಮ್ಮ ಮೆಣಸಿನಕಾಯಿ ಕಣದ ಜಾಹೀರಾತು ವಿಡಿಯೊ ಮಾಡಿಸಬೇಕು. ಮುಂಗಡ ಕೊಡುವ ಮುನ್ನ ಏನು ಬರೆಸಿಕೊಳ್ಳಲಿ?
– ಓದುಗರು, ಬ್ಯಾಡಗಿ

ಉತ್ತರ: ಎಷ್ಟು ಬ್ಯಾಟರಿ ತರುತ್ತಾರೆ (ಒಂದಕ್ಕೆ 20 ನಿಮಿಷ ಹಿಡಿಯಿರಿ), ಗಾಳಿ-ಮಳೆ ಬಂದರೆ ಮತ್ತೆ ಬರುವ ದಿನ ಯಾವುದು, ಕಚ್ಚಾ ವಿಡಿಯೊ ನಿಮಗೆ ಸಿಗುತ್ತದೆಯೇ, ಇಷ್ಟು ಬರೆಸಿ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವಿಡಿಯೊ ನಿಮಿಷಕ್ಕೆ 750 ಎಂಬಿ ತಿನ್ನುತ್ತದೆ. 40 ನಿಮಿಷಕ್ಕೆ 30 ಜಿಬಿ, 64 ಜಿಬಿಯ ಪೆನ್‌ಡ್ರೈವ್ ನೀವೇ ಕೊಡಿ.

ಕಣದ ಮೇಲೆ ತೀರಾ ಕೆಳಗೆ ಹಾರಿಸಲು ಬಿಡಬೇಡಿ. ರೆಕ್ಕೆಯ ಗಾಳಿಗೆ ಕಾರದ ದೂಳು, ಬೀಜ ಎದ್ದು ಆರಿಸುವ ಹೆಣ್ಣುಮಕ್ಕಳ ಕಣ್ಣಿಗೆ ಬೀಳುತ್ತದೆ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬೇಡ, 5600 ಕೆಲ್ವಿನ್‌ಗೆ ಕಟ್ಟಿಹಾಕಲು ಹೇಳಿ. ಚೌಕಟ್ಟಿನ ತುಂಬ ಕೆಂಪೇ ಇದ್ದಾಗ ಆಟೊ ಅದನ್ನು ತಪ್ಪೆಂದು ತಿದ್ದುತ್ತದೆ, ಬ್ಯಾಡಗಿಯ ಕಡುಗೆಂಪು ಕಾಯಿ ಸಪ್ಪೆಯಾಗಿ ಕಾಣುತ್ತದೆ.