ಹಳೇ ಮಿಯಾಟಾ (ಮಜ್ದಾ ಕಂಪನಿಯ ಚಿಕ್ಕ ಸ್ಪೋರ್ಟ್ಸ್ ಕಾರ್) ಕೆಳಗೆ ಒಂದೆರಡು ಹನಿ ಬೀಳ್ತಿದೆ, ಎಲ್ಲಿಂದ ಅಂತ ಹೆಂಗೆ ಕಂಡುಹಿಡಿಯೋದು?

ರಾತ್ರಿ ಕಾರ್ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಕಲೆ ನೋಡಿ. ಕಂದು, ಕಪ್ಪಗಿದ್ರೆ ಇಂಜಿನ್ ಆಯಿಲ್, ಸಿಹಿ ವಾಸನೆ ಇದ್ರೆ ಕೂಲೆಂಟ್, ಬರೀ ನೀರಾದ್ರೆ ಏಸಿದು, ಬಿಟ್ಟಾಕಿ. ಚಕ್ರದ ಹತ್ರ ತೆಳ್ಳಗೆ ಜಾರೋ ಥರ ಇದ್ರೆ ಬ್ರೇಕ್ ಆಯಿಲ್ ಇರ್ಬೋದು, ಸರಿಮಾಡೋವರ್ಗೂ ಗಾಡಿ ತೆಗೀಲೇಬೇಡಿ. ಇಂಜಿನ್ನು ಗೇರ್‌ಬಾಕ್ಸು ಸೇರೋ ಕಡೆ ಆಯಿಲ್ ತೊಟ್ಟಿಕ್ತಿದ್ರೆ ಎಲ್ರೂ ರಿಯರ್ ಮೇನ್ ಸೀಲ್ (ಇಂಜಿನ್ ಹಿಂದ್ಗಡೆ ಆಯಿಲ್ ಆಚೆ ಬರದಂಗೆ ತಡೆಯೋ ಸೀಲು) ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು ಅಂತ ಹೆದರಿಸ್ತಾರೆ, ಆದ್ರೆ ಮೊದಲ ಜನರೇಷನ್ ಮಿಯಾಟಾದಲ್ಲಿ ಸುಮಾರು ಸಲ ಇಂಜಿನ್ ಹಿಂದ್ಗಡೆ ಮೇಲಿರೋ ಕ್ಯಾಮ್ ಆಂಗಲ್ ಸೆನ್ಸರಿನ (ಕ್ಯಾಮ್‌ಶಾಫ್ಟ್ ಎಷ್ಟು ತಿರುಗಿದೆ ಅಂತ ನೋಡೋ ಸೆನ್ಸರ್) ಓ-ರಿಂಗ್, ಅಂದ್ರೆ ರಬ್ಬರ್ ಉಂಗುರ, ಹಳೇದಾಗಿ ಗಟ್ಟಿಯಾಗಿ ಅಲ್ಲಿಂದ ಸೋರಿ ಕೆಳಗಿಳಿದಿರುತ್ತೆ ಅಷ್ಟೆ. ಡಿಗ್ರೀಸರ್ (ಜಿಡ್ಡು ತೆಗೆಯೋ ದ್ರವ) ಹಾಕಿ ತೊಳೆದು ಸ್ವಲ್ಪ ಓಡಿಸಿ ಟಾರ್ಚ್ ಬಿಟ್ಟು ನೋಡಿ, ಒದ್ದೆ ಎಲ್ಲಕ್ಕಿಂತ ಮೇಲೆ ಎಲ್ಲಿ ಶುರುವಾಗಿದ್ಯೋ ಅದೇ ಜಾಗ. ರಿಂಗ್ ಬದಲಾಯಿಸೋ ಮುಂಚೆ ಸೆನ್ಸರ್ ಕೂತಿರೋ ಪೊಸಿಷನ್ ಗುರುತು ಮಾಡ್ಕೊಳ್ಳಿ, ಇಲ್ದಿದ್ರೆ ಇಂಜಿನ್ ಟೈಮಿಂಗ್ (ಸ್ಪಾರ್ಕ್ ಕೊಡೋ ಸಮಯ) ಆಚೀಚೆ ಆಗುತ್ತೆ.