ಆ ಫೈಲ್ ತೆರೆದೇ ಇರಲಿ, ಮಾಸ್ತರ್ರೇ

ಆಳಂದದ ಒಬ್ಬ ನಿವೃತ್ತ ಶಿಕ್ಷಕರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗೇ ಆಗಲಿ. ಅವರ ಪತ್ರದ ಸಾರ ಇಷ್ಟು:

"ಕಳೆದ ಸಂಚಿಕೆಯಲ್ಲಿ ಮ್ಯಾಡಲಿನ್ ಮೆಕ್‌ಕ್ಯಾನ್ ಎಂಬ ಇಂಗ್ಲೆಂಡಿನ ಮಗುವಿಗೆ ಎರಡು ಪುಟ ಕೊಟ್ಟಿದ್ದೀರಿ. 2007ರಲ್ಲಿ ಪೋರ್ಚುಗಲ್‌ನಲ್ಲಿ ಕಾಣೆಯಾದ ಮಗು. 18 ವರ್ಷ ದಾಟಿತು. ಮೂರು ದೇಶದ ಪೊಲೀಸರು ಇನ್ನೂ ನೆಲ ಅಗೆಯುತ್ತಲೇ ಇದ್ದಾರೆ. ಆ ದುಡ್ಡಿನಲ್ಲಿ ಎಷ್ಟು ಬಡ ಮಕ್ಕಳನ್ನು ಹುಡುಕಬಹುದಿತ್ತು? ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ನಾವು ಗೆಳೆಯರು ಇದನ್ನೇ ಮಾತಾಡಿದೆವು. ಎಂಟು ಮಂದಿಯಲ್ಲಿ ಏಳು ಮಂದಿ ಹೇಳಿದ್ದು ಒಂದೇ. ತಂದೆತಾಯಿಯೇ ಏನೋ ಮಾಡಿದ್ದಾರೆ. ಮೂರು ಮಕ್ಕಳನ್ನು ಮಲಗಿಸಿ ಊಟಕ್ಕೆ ಹೋಗುವವರು ಎಂಥ ತಂದೆತಾಯಿ? ಇನ್ನಾದರೂ ಆ ಫೈಲ್ ಮುಚ್ಚಲಿ."

ಮಾಸ್ತರ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು ನೀವು. ನಿಮ್ಮ ಮಾತನ್ನು ನಾಲ್ಕು ಜನ ಕೇಳುತ್ತಾರೆ. ಅದಕ್ಕೇ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ದುಡ್ಡಿನ ಮಾತು ನಿಜ. ಈ ಮಗುವಿಗಾಗಿ ಲಂಡನ್ ಪೊಲೀಸರು ನಡೆಸುವ 'ಆಪರೇಷನ್ ಗ್ರೇಂಜ್' ಎಂಬ ತನಿಖೆ 2011ರಲ್ಲಿ ಶುರುವಾಯಿತು. ಅದಕ್ಕೆ 1.3 ಕೋಟಿ ಪೌಂಡ್‌ಗಿಂತ ಜಾಸ್ತಿ ಖರ್ಚಾಗಿದೆ. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಯ ಮೇಲೆ. ತಂದೆ, ತಾಯಿ ಇಬ್ಬರೂ ವೈದ್ಯರು. ಕೂಲಿಯವರ ಮಗುವಾಗಿದ್ದರೆ ಇಷ್ಟು ಆಗುತ್ತಿತ್ತೇ ಎಂದು ನೀವು ಕೇಳಿದರೆ, ಆಗುತ್ತಿರಲಿಲ್ಲ ಎಂದೇ ನಾನೂ ಹೇಳುತ್ತೇನೆ. ಆದರೆ ಅಲ್ಲಿಂದ ಮುಂದೆ ನಿಮ್ಮ ದಾರಿ ಬೇರೆ, ನನ್ನ ದಾರಿ ಬೇರೆ. ಆ ಮಗುವಿಗೆ ಸಿಕ್ಕಿದ್ದು ಜಾಸ್ತಿಯಾಯಿತು ಎನ್ನುವ ಬದಲು ನಮ್ಮ ಮಕ್ಕಳಿಗೂ ಅಷ್ಟೇ ಸಿಗಲಿ ಎಂದು ಕೇಳಬೇಕು ಅಲ್ವಾ?

ಈಗ ನಿಮ್ಮ ಆ ಏಳು ಮಂದಿಯ ಮಾತಿಗೆ ಬರುತ್ತೇನೆ.

2007ರ ಮೇ 3ರ ರಾತ್ರಿ. ಪೋರ್ಚುಗಲ್‌ನ ಸಮುದ್ರ ದಂಡೆಯ ಊರು ಪ್ರಾಯಾ ದ ಲೂಜ್. ಮಗುವಿಗೆ ನಾಲ್ಕು ತುಂಬಲು ಒಂಬತ್ತು ದಿನ ಬಾಕಿ. ಅವಳು, ಜೊತೆಗೆ ಅವಳಿ ತಮ್ಮ, ತಂಗಿ ಕೋಣೆಯಲ್ಲಿ ಮಲಗಿದ್ದರು. ತಂದೆತಾಯಿ ಗೆಳೆಯರೊಂದಿಗೆ ಅದೇ ವಸತಿಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಆಗಾಗ ಒಬ್ಬರು ಎದ್ದು ಹೋಗಿ ಮಕ್ಕಳನ್ನು ನೋಡಿ ಬರುತ್ತಿದ್ದರು. 10 ಗಂಟೆಗೆ ತಾಯಿ ಹೋದಾಗ ಹಾಸಿಗೆ ಖಾಲಿ. ಆ ರಾತ್ರಿ ಸುಮಾರು 9.15ಕ್ಕೆ ಒಬ್ಬ ಗಂಡಸು ಮಗುವನ್ನು ಎತ್ತಿಕೊಂಡು ಹೋಗುವುದನ್ನು ನೋಡಿದೆ ಎಂದು ಅವರ ಗೆಳತಿ ಹೇಳಿದರು. ಅವನ ಚಿತ್ರ ಬರೆಸಿದರು. ಆರು ವರ್ಷ ಜಗತ್ತೆಲ್ಲ ಆ ಮನುಷ್ಯನನ್ನು ಹುಡುಕಿತು.

2013ರ ಅಕ್ಟೋಬರ್‌ನಲ್ಲಿ ಲಂಡನ್ ಪೊಲೀಸರು ಏನು ಹೇಳಿದರು ಗೊತ್ತೇ? ಆತ ಬಹುತೇಕ ಅಲ್ಲಿಗೆ ರಜೆಗೆ ಬಂದಿದ್ದ ಇನ್ನೊಬ್ಬ ಇಂಗ್ಲಿಷ್ ತಂದೆ. ರಾತ್ರಿ ಶಿಶುಪಾಲನೆ ಕೇಂದ್ರದಿಂದ ತನ್ನದೇ ಮಗಳನ್ನು ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದ. ಅಷ್ಟೇ. ಅಲ್ಲಿಯವರೆಗೆ ಎಲ್ಲರೂ 9.15ರ ಸುತ್ತ ಹುಡುಕಿದ್ದರು. ಈಗ 10 ಗಂಟೆಯವರೆಗಿನ ಹೊತ್ತನ್ನೂ ನೋಡಬೇಕಾಯಿತು. ಇದನ್ನು ಬಿಡಿಸಿದ್ದು ಯಾರು? ಹಳೆಯ ಕಾಗದಗಳನ್ನು ಒಂದೊಂದೇ ತೆಗೆದು, ಮತ್ತೆ ಮೊದಲಿನಿಂದ ಓದುತ್ತಾ ಕೂತ ಪೊಲೀಸರು. ನೀವು ನಿಧಾನ ಎಂದು ಬೈದಿದ್ದು ಈ ಕೆಲಸವನ್ನೇ ಮಾಸ್ತರ್ರೇ.

ಬೇಗ ಬೇಗ ಮಾಡಿದ್ದರಿಂದ ಏನಾಯಿತು, ಅದನ್ನೂ ನೋಡಿ. 2007ರಲ್ಲಿ ವಾಸನೆ ಹಿಡಿಯುವ ನಾಯಿ ತಂದರು. ಬಾಡಿಗೆ ಕಾರಿನಿಂದ ಮಾದರಿ ತೆಗೆದು ಬರ್ಮಿಂಗ್‌ಹ್ಯಾಮಿನ ಲ್ಯಾಬ್‌ಗೆ ಕಳಿಸಿದರು. ಹಲವರ ಡಿಎನ್ಎ ಕಲಸಿದೆ, ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಲ್ಯಾಬ್ ಬರೆಯಿತು. ಪತ್ರಿಕೆಗಳಲ್ಲಿ ಬಂದಿದ್ದು ಮಾತ್ರ ಮಗುವಿನ ಡಿಎನ್ಎ ಸಿಕ್ಕಿತು ಎಂದು. ಸೆಪ್ಟೆಂಬರ್ 7ರಂದು ಪೋರ್ಚುಗಲ್ ಪೊಲೀಸರು ತಂದೆತಾಯಿಯನ್ನೇ ಶಂಕಿತರು ಎಂದರು. ಮರುವರ್ಷ ಜುಲೈನಲ್ಲಿ ಆ ಹಣೆಪಟ್ಟಿ ತೆಗೆದು, ಫೈಲನ್ನು ಕಟ್ಟಿ ಇಟ್ಟರು. ಹೌದು, ನೀವು ಈಗ ಕೇಳುತ್ತಿರುವ ಹಾಗೆ ಆಗಲೇ ಒಂದು ಸಲ ಮುಚ್ಚಿದ್ದರು. ಲಂಡನ್‌ನ ಒಂದು ದೊಡ್ಡ ಪತ್ರಿಕಾ ಗುಂಪು 2008ರ ಮಾರ್ಚ್‌ನಲ್ಲಿ ಮುಖಪುಟದಲ್ಲೇ ಕ್ಷಮೆ ಕೇಳಿ ಆ ತಂದೆತಾಯಿಗೆ 5.5 ಲಕ್ಷ ಪೌಂಡ್ ಪರಿಹಾರ ಕಟ್ಟಿತು. ಆ ಊರಿನಲ್ಲೇ ಇದ್ದ, ಪೊಲೀಸರಿಗೆ ಭಾಷಾಂತರಕ್ಕೆ ನೆರವಾದ ಇನ್ನೊಬ್ಬ ಮನುಷ್ಯನನ್ನೂ ಇದೇ ರೀತಿ ಹರಾಜು ಹಾಕಿದ್ದರು. ಅವನಿಗೆ 6 ಲಕ್ಷ ಪೌಂಡ್. ದುಡ್ಡು ಬಂತು. ಆದರೆ 18 ವರ್ಷದ ಮೇಲೆ ಆಳಂದದ ಚಹಾದಂಗಡಿಯಲ್ಲಿ ಏಳು ಮಂದಿ ಇನ್ನೂ "ಅವರೇ" ಅನ್ನುತ್ತಾರೆ. ಆ ಕ್ಷಮೆ ಅಲ್ಲಿಯವರೆಗೆ ಬರಲೇ ಇಲ್ಲ.

ಈಗ ಜರ್ಮನಿಯ ಕಥೆ. 2020ರ ಜೂನ್‌ನಲ್ಲಿ ಅಲ್ಲಿನ ಪೊಲೀಸರು, ಬೇರೆ ಅಪರಾಧಕ್ಕೆ ಜೈಲಿನಲ್ಲಿದ್ದ ತಮ್ಮ ದೇಶದ ಒಬ್ಬನ ಮೇಲೆ ಸಂಶಯ ಇದೆ ಎಂದರು. ಅವನು ತಾನಲ್ಲ ಎನ್ನುತ್ತಾನೆ. ಶಿಕ್ಷೆ ಮುಗಿಸಿ 2025ರ ಸೆಪ್ಟೆಂಬರ್‌ನಲ್ಲಿ ಹೊರಗೆ ಬಂದ. ಈ ಮಗುವಿನ ವಿಷಯದಲ್ಲಿ ಅವನ ಮೇಲೆ ಆರೋಪಪಟ್ಟಿ ಇಲ್ಲ. ಅದಕ್ಕೇ ಅವನ ಹೆಸರನ್ನು ನಾವು ಕಳೆದ ಸಂಚಿಕೆಯಲ್ಲೂ ಹಾಕಲಿಲ್ಲ, ಇಲ್ಲೂ ಹಾಕುವುದಿಲ್ಲ. ಮೂರು ದೇಶ, ಮೂರು ಕಾನೂನು. ಲಂಡನ್‌ನ ಅಧಿಕಾರಿ ಪೋರ್ಚುಗಲ್‌ಗೆ ಹೋಗಿ ತಾನೇ ಯಾರ ಬಾಗಿಲೂ ತಟ್ಟುವ ಹಾಗಿಲ್ಲ. ಮೊದಲು ಲಿಖಿತ ಕೋರಿಕೆ ಹೋಗಬೇಕು, ಅಲ್ಲಿನವರು ಒಪ್ಪಬೇಕು, ಅಲ್ಲಿನ ಕಾನೂನಿನ ಪ್ರಕಾರವೇ ಎಲ್ಲ ನಡೆಯಬೇಕು. ನಮ್ಮ ದೇಶದಲ್ಲೂ ಅಷ್ಟೇ. ಹೊರದೇಶದಿಂದ ಸಾಕ್ಷ್ಯ ಬೇಕೆಂದರೆ ಕೋರ್ಟಿನ ಪತ್ರ ಹೋಗಬೇಕು. ತಿಂಗಳುಗಟ್ಟಲೆ ಕಾಯಬೇಕು.

ಕಾಯುವುದು ಜನರಿಗೆ ಆಗುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. 2007ರಲ್ಲೇ ಮೊರಾಕ್ಕೊದಲ್ಲಿ ಒಬ್ಬ ಪ್ರವಾಸಿ ತೆಗೆದ ಫೋಟೊದಲ್ಲಿ, ಹೆಂಗಸೊಬ್ಬಳ ಬೆನ್ನ ಮೇಲೆ ಹೊಂಬಣ್ಣದ ಕೂದಲಿನ ಹುಡುಗಿ ಕಂಡಳು. ಸಿಕ್ಕಳು ಸಿಕ್ಕಳು ಎಂದು ಗದ್ದಲವೋ ಗದ್ದಲ. ಪತ್ರಕರ್ತರು ಆ ಹಳ್ಳಿ ಹುಡುಕಿಕೊಂಡು ಹೋದರು. ಅವಳು ಅಲ್ಲಿನ ರೈತನ ಸ್ವಂತ ಮಗಳು. 2013ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನಲ್ಲಿ ರೋಮಾ ಎಂಬ ಸಮುದಾಯದ ಎರಡು ಕುಟುಂಬಗಳಿಂದ ಪೊಲೀಸರು ಮಕ್ಕಳನ್ನು ಎತ್ತಿಕೊಂಡು ಹೋದರು. ತಂದೆತಾಯಿ ಕಪ್ಪಗಿದ್ದಾರೆ, ಮಕ್ಕಳು ಬೆಳ್ಳಗಿದ್ದಾರೆ, ಕದ್ದಿರಬೇಕು ಎಂದು. ಡಿಎನ್ಎ ನೋಡಿದರೆ ಅವರದೇ ಮಕ್ಕಳು. ವಾಪಸ್ ಕೊಟ್ಟರು.

ಅದು ಅಲ್ಲಿಯ ಸಂಗತಿ ಎಂದು ಬಿಟ್ಟುಬಿಡಬೇಡಿ. ನಮ್ಮ ಮುರ್ಕಿಯನ್ನು ಮರೆತಿರಾ? 2018ರ ಜುಲೈ, ಬೀದರ್ ಜಿಲ್ಲೆ. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪ್‌ನಲ್ಲಿ ಸುದ್ದಿ ಓಡಿತು. ಮುರ್ಕಿಯಲ್ಲಿ ಜನ ದಾರಿಗೆ ಅಡ್ಡ ಹಾಕಿ ಹಿಡಿದು ಹೊಡೆದರು. ಬಿಡಿಸಲು ಬಂದ ಪೊಲೀಸರೂ ಏಟು ತಿಂದರು. ಒಬ್ಬ ಯುವ ಎಂಜಿನಿಯರ್ ಅಲ್ಲೇ ಸತ್ತ. ಅದೇ ತಿಂಗಳು ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಐದು ಕಡೆಗಿಂತ ಜಾಸ್ತಿ ಒಟ್ಟಿಗೆ ಕಳಿಸಲು ಬಾರದ ಹಾಗೆ ಮಾಡಿತು. ಆ ಹಳ್ಳಿಯ ಜನ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇತ್ತು, ಭಯ ಇತ್ತು. ಠಾಣೆಗೆ ಫೋನ್ ಮಾಡಿ ಅರ್ಧ ಗಂಟೆ ಕಾಯುವ ತಾಳ್ಮೆ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನೀವೇ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ?

ಈಗ ನನ್ನದೊಂದು ಹಳೆಯ ಪಾಪ ಹೇಳಿಕೊಳ್ಳುತ್ತೇನೆ. ಆಗ ನಾನು ಒಂದು ದಿನಪತ್ರಿಕೆಯಲ್ಲಿ ಹೊಸದಾಗಿ ವರದಿಗಾರ. ಚಿತ್ತಾಪುರ ಕಡೆಯ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಮುಂಬೈಗೆ ದುಡಿಯಲು ಹೊರಟಿದ್ದಳು. ಜನರಲ್ ಬೋಗಿ. ಕಲಬುರಗಿಯಲ್ಲಿ ಮಗ ಪಕ್ಕದಲ್ಲೇ ಇದ್ದ. ಗಾಣಗಾಪುರ ರೋಡ್ ದಾಟಿತು, ಇವಳಿಗೆ ಜೊಂಪು ಹತ್ತಿತು. ಆಮೇಲೆ ದುಧನಿ, ಅಕ್ಕಲಕೋಟೆ ರೋಡ್. ಸೊಲ್ಲಾಪುರದಲ್ಲಿ ಕಣ್ಣು ಬಿಟ್ಟರೆ ಮಗ ಇಲ್ಲ. ಆ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದುಧನಿಯಿಂದ ಆಚೆ ಮಹಾರಾಷ್ಟ್ರ. ಆ ಕಡೆಯವರು, ಕೊನೆಗೆ ಹುಡುಗನನ್ನು ನೋಡಿದ್ದು ಕರ್ನಾಟಕದಲ್ಲಿ, ಅಲ್ಲೇ ಹೋಗು ಎಂದರು. ಈ ಕಡೆಯವರು, ಕಾಣೆಯಾದದ್ದು ಗೊತ್ತಾಗಿದ್ದು ಸೊಲ್ಲಾಪುರದಲ್ಲಿ, ನಮ್ಮ ಹದ್ದಿಗೆ ಬರೋದಿಲ್ಲ ಎಂದರು. ಮೂರು ದಿನ ಅವಳು ಅತ್ತಿಂದಿತ್ತ ಓಡಾಡಿದಳು. ಕೊನೆಗೆ ಒಂದು ಹಾಳೆಯ ಮೇಲೆ ದೂರು ಬರೆಸಿಕೊಂಡರು.

ಅಷ್ಟರಲ್ಲಿ ಊರಿನ ಜನ ತೀರ್ಪು ಕೊಟ್ಟಾಗಿತ್ತು. ಮಗನನ್ನು ಮಾರಿಕೊಂಡಿದ್ದಾಳೆ ಎಂದು. ನಾನು ಹೋಗಿ ನಾಲ್ಕು ಜನರನ್ನು ಕೇಳಿದೆ, ನಾಲ್ಕೂ ಜನ ಅದನ್ನೇ ಹೇಳಿದರು. ನನ್ನ ಸುದ್ದಿಯ ಕೊನೆಗೆ ಒಂದು ಸಾಲು ಸೇರಿಸಿದೆ: "ತಾಯಿಯ ಬಗ್ಗೆಯೇ ಸ್ಥಳೀಯರು ಅನುಮಾನ ವ್ಯಕ್ತಪಡಿಸಿದ್ದಾರೆ." ಸುಳ್ಳು ಬರೆಯಲಿಲ್ಲ, ಜನ ಹೇಳಿದ್ದನ್ನೇ ಬರೆದೆ. ಆದರೆ ಆ ಸಾಲು ಅಚ್ಚಾದ ಮೇಲೆ ಅವಳ ಮಗನನ್ನು ಹುಡುಕುವವರೇ ಇಲ್ಲವಾದರು. ತಾಯಿಯೇ ಮಾರಿದ್ದಾಳೆ ಎಂದ ಮೇಲೆ ಹುಡುಕುವುದು ಯಾರನ್ನು? ಕೆಲವು ವರ್ಷಗಳ ಮೇಲೆ ಕೇಸಿಗೆ ಸಿ ರಿಪೋರ್ಟ್ ಬಿತ್ತು. ಪತ್ತೆಯಾಗಲಿಲ್ಲ ಎಂದು. ಅವಳಿಗೆ ಓದಲು ಬರುವುದಿಲ್ಲ. ನಾನು ಬರೆದಿದ್ದು ಅವಳಿಗೆ ಗೊತ್ತೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಆಗಿಲ್ಲ. ಪ್ರತಿ ವರ್ಷ ಶರಣಬಸವೇಶ್ವರ ಜಾತ್ರೆಗೆ ಬಂದಾಗ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಾಳೆ. "ಸಾಹೇಬ್ರ, ನಮ್ಮ ಹುಡುಗಂದು ಏನಾರ ಸುದ್ದಿ ಬಂತೇನ್ರೀ?" ಅನ್ನುತ್ತಾಳೆ. ನೀರು ಕುಡಿದು ಹೋಗುತ್ತಾಳೆ.

ಅದಕ್ಕೇ ಮಾಸ್ತರ್ರೇ, ಫೈಲ್ ಮುಚ್ಚಿ ಎಂದು ಯಾರಾದರೂ ಬರೆದರೆ ನನ್ನ ಕೈ ನಡುಗುತ್ತದೆ.

ನಿಠಾರಿಯನ್ನೂ ನೆನಪು ಮಾಡುತ್ತೇನೆ. ದಿಲ್ಲಿ ಪಕ್ಕದ ನೊಯ್ಡಾದಲ್ಲಿ 2005, 2006ರಲ್ಲಿ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದರು. ಓಡಿಹೋಗಿರಬೇಕು ಎಂದು ತಂದೆತಾಯಿಗಳನ್ನು ವಾಪಸ್ ಕಳಿಸಿದರು. 2006ರ ಡಿಸೆಂಬರ್ ಕೊನೆಗೆ ಚರಂಡಿಯಲ್ಲಿ ಎಲುಬು ಸಿಕ್ಕವು. ಆಮೇಲೆ ಎಲ್ಲ ಟಿವಿಯವರೂ ಬಂದರು, ದೇಶವೇ ತೀರ್ಪು ಕೊಟ್ಟಿತು. 2023ರಲ್ಲಿ ಅಲಹಾಬಾದ್ ಹೈಕೋರ್ಟ್, ತನಿಖೆ ಸರಿಯಾಗಿಲ್ಲ, ಸಾಕ್ಷ್ಯ ಸಾಲದು ಎಂದು ಇಬ್ಬರು ಆರೋಪಿಗಳ ಗಲ್ಲು ಶಿಕ್ಷೆಗಳನ್ನು ರದ್ದು ಮಾಡಿತು. ಹಾಗಾದರೆ ಆ ಮಕ್ಕಳನ್ನು ಕೊಂದವರು ಯಾರು? ಮೊದಲ ಮಗು ಕಾಣೆಯಾದ ದಿನವೇ ಒಬ್ಬ ಪೇದೆ ನೆಟ್ಟಗೆ ಬರೆದುಕೊಂಡು, ಆ ಓಣಿಯಲ್ಲಿ ಒಂದು ಸುತ್ತು ಹಾಕಿದ್ದರೆ ಸಾಕಿತ್ತು.

ಕಾನೂನು ಈಗ ಸುಧಾರಿಸಿದೆ. ಮಗು ಕಾಣೆಯಾದ ಪ್ರತಿ ದೂರನ್ನೂ ಎಫ್‌ಐಆರ್ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇನಲ್ಲಿ ಹೇಳಿತು. ಅಪಹರಣ ಇರಬಹುದು ಎಂದೇ ತಿಳಿದು ಹುಡುಕಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಘಟನೆ ಯಾವ ಹದ್ದಿನಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು. ಝೀರೋ ಎಫ್‌ಐಆರ್ ಎನ್ನುತ್ತಾರೆ. ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಚಿತ್ತಾಪುರದ ಆ ತಾಯಿಗೆ ಇದನ್ನು ಹೇಳುವವರು ಯಾರು? ಆ ಹೊತ್ತಿಗೆ ಅವಳ ಪಕ್ಕದಲ್ಲಿ ನಿಮ್ಮಂಥ ಒಬ್ಬ ಮಾಸ್ತರ್ ನಿಂತಿದ್ದರೆ, ಬರೆದುಕೊಳ್ಳಿ ಎಂದು ಗಟ್ಟಿಯಾಗಿ ಕೇಳುತ್ತಿದ್ದರು.

ಇನ್ನೊಂದು ಸಂಕಟ ಇದೆ. ನಮ್ಮದು ಮೂರು ರಾಜ್ಯ ಕೂಡುವ ನೆಲ. 1956ರಲ್ಲಿ ಗೆರೆ ಎಳೆದರು, ಆದರೆ ನಮ್ಮ ಬೀಗರು, ಕೂಲಿ, ಜಾತ್ರೆ, ಆಸ್ಪತ್ರೆ ಎಲ್ಲ ಗೆರೆಯ ಎರಡೂ ಕಡೆ ಇವೆ. ಕಾಣೆಯಾದವರೂ ಗೆರೆ ದಾಟುತ್ತಾರೆ. ಪ್ರಕಟಣೆ ಮಾತ್ರ ದಾಟುವುದಿಲ್ಲ. "ಕೋಲು ಮುಖ, ಗೋಧಿ ಮೈಬಣ್ಣ, ತೆಳ್ಳನೆ ಮೈಕಟ್ಟು, ಕನ್ನಡ, ಹಿಂದಿ ಮಾತನಾಡುತ್ತಾನೆ" ಎಂದು ಕನ್ನಡ ಪೇಪರ್‌ನಲ್ಲಿ ಅಚ್ಚಾಗುತ್ತದೆ. ಹುಡುಗ ಸೊಲ್ಲಾಪುರದ ಯಾವುದೋ ಖಾನಾವಳಿಯಲ್ಲಿ ತಟ್ಟೆ ತೊಳೆಯುತ್ತಿದ್ದರೆ ಅದನ್ನು ಅಲ್ಲಿ ಓದುವವರು ಯಾರು? ಪೋರ್ಚುಗಲ್‌ನ ಕಾಗದ ಲಂಡನ್‌ನಲ್ಲಿ ಓದಲು ಭಾಷಾಂತರ ಮಾಡಿಸುತ್ತಾರೆ. ನಮಗೆ ಕಲಬುರಗಿಯಿಂದ ಅಕ್ಕಲಕೋಟೆಗೆ ಒಂದು ಹಾಳೆ ಮುಟ್ಟಿಸಲು ಆಗುತ್ತಿಲ್ಲ.

ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ 'ಕಾಣೆಯಾದವರು' ಅಂಕಣ ದುಡ್ಡಿಲ್ಲದೆ ಹಾಕುತ್ತೇವೆ, ನೋಡಿರಬಹುದು. ಈ ಸಲದ ಎರಡು ಪ್ರಕಟಣೆಗಳನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಒಂದು ಅಫಜಲಪುರದ ಹುಡುಗಿಯದು, ಇನ್ನೊಂದು ಆ ಚಿತ್ತಾಪುರದ ಹುಡುಗನದು. ಅವನಿಗೆ ಈಗ ನಲವತ್ತರ ಹತ್ತಿರ ಬಂದಿರಬೇಕು. ಹಳೆಯ ಫೋಟೊವನ್ನೇ ಹಾಕಿದ್ದೇವೆ. ಮರಾಠಿ ಓದಲು, ಬರೆಯಲು ಚೆನ್ನಾಗಿ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಎರಡನ್ನೂ ಮರಾಠಿಗೆ ಮಾಡಿಕೊಡಿ. ಸೊಲ್ಲಾಪುರದ ಪತ್ರಿಕೆಗಳಿಗೆ ಕಳಿಸುವ ಜವಾಬ್ದಾರಿ ನನ್ನದು. ಬರುವ ಭಾನುವಾರದೊಳಗೆ ಕೈ ಸೇರಿದರೆ ಒಳ್ಳೆಯದು.

— ಸಂಪಾದಕ