ಎಕ್ಸ್‌ರೇಗೆ ಕಾಣದ ನೋವು

ಶಿಡ್ಲಘಟ್ಟದ ಸಹೋದರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮ ಇಪ್ಪತ್ತು ವರ್ಷ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈ ಹಾಕಿ ರೇಷ್ಮೆ ಎಳೆ ತೆಗೆದವರು. ಎರಡು ವರ್ಷದ ಹಿಂದೆ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಕೂಡಿದೆ, ಎಕ್ಸ್‌ರೇ ಚೆನ್ನಾಗಿದೆ. ಆದರೂ ಉಗುರುಬೆಚ್ಚಗಿನ ನೀರು ಬಿದ್ದರೆ ಉರಿ, ಸೆರಗು ಸೋಕಿದರೆ ನೋವು. ಮನೆಯಲ್ಲಿ ‘ಸುಮ್ನೆ ನಾಟಕ’ ಅನ್ನುತ್ತಾರೆ. ಅಜ್ಜಿಗೂ ಹೀಗೇ ಇತ್ತು, ಇದು ರಕ್ತದಲ್ಲೇ ಬಂದಿದ್ದಾ ಅಂತ ಕೇಳಿದ್ದೀರಿ.

ನಾಟಕ ಖಂಡಿತ ಅಲ್ಲ. ಈ ಪತ್ರ ಮನೆಯವರಿಗೂ ಓದಿ ಹೇಳಿ.

ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತದೆ, ಅಲ್ವಾ? ಅಲ್ಲಿ ಬೆಂಕಿಯೇನೂ ಇಲ್ಲ. ನರದ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಸಣ್ಣ ಬಾಗಿಲಿದೆ. ಸುಮಾರು 43 ಡಿಗ್ರಿ ಬಿಸಿಗೆ ಅದು ತೆರೆಯುತ್ತದೆ, ಮೆಣಸಿನ ಖಾರಕ್ಕೂ ತೆರೆಯುತ್ತದೆ. 1997ರಲ್ಲಿ ಇದನ್ನು ಪತ್ತೆ ಮಾಡಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಪೆಟ್ಟಾಗಿ ಊದಿಕೊಂಡ ಜಾಗದಲ್ಲಿ ಈ ಬಾಗಿಲು ಸಡಿಲವಾಗುತ್ತದೆ. ಆಗ ಮೈಬಿಸಿಯೇ ಸಾಕು, ಉರಿ ಶುರು.

ಸೆರಗಿನ ನೋವಿನ ಮೂಲ ಬೆನ್ನುಹುರಿಯಲ್ಲಿದೆ. ಅಲ್ಲಿನ ಜೀವಕೋಶಗಳಲ್ಲಿ ಎನ್‌ಎಂಡಿಎ ಎಂಬ ಇನ್ನೊಂದು ಬಾಗಿಲಿಗೆ ಮೆಗ್ನೀಸಿಯಂ ಬಿರಡೆ ಹಾಕಿರುತ್ತದೆ. ನೋವಿನ ಸುದ್ದಿ ಬಿಡದೆ ಬರುತ್ತಿದ್ದರೆ ಬಿರಡೆ ಕಿತ್ತುಬರುತ್ತದೆ. ಆಮೇಲೆ ಬರೀ ಸ್ಪರ್ಶವೂ ನೋವಾಗಿ ಕೇಳಿಸತೊಡಗುತ್ತದೆ. ಕೆಲವರಲ್ಲಿ ಗಾಯ ಮಾಯ್ದ ಮೇಲೂ ಇದು ಹಾಗೇ ಉಳಿದುಬಿಡುತ್ತದೆ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಇದನ್ನು ಎಲ್ಲಿಂದ ತೋರಿಸಬೇಕು?

ಇನ್ನು ವಂಶದ ಮಾತು. ಎಸ್‌ಸಿಎನ್9ಎ ಎಂಬ ಜೀನ್ ಪೂರ್ತಿ ಕೆಟ್ಟರೆ ನೋವೇ ಗೊತ್ತಾಗುವುದಿಲ್ಲ. ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ 2006ರಲ್ಲಿ ಇದು ಖಚಿತವಾಯಿತು. ಆ ಕುಟುಂಬಗಳ ಮಕ್ಕಳು ತುಟಿ, ನಾಲಿಗೆ ಕಚ್ಚಿಕೊಂಡು ಗಾಯ ಮಾಡಿಕೊಂಡಿದ್ದರು. ಪಾಪ, ನೋವಿಲ್ಲದ ಬದುಕೂ ಸುಖವಲ್ಲ. ಅದೇ ಜೀನ್ ಅತಿಯಾಗಿ ಕೆಲಸ ಮಾಡಿದರೆ ಕೈಕಾಲು ಕೆಂಪೇರಿ ಉರಿಯುವ ಕಾಯಿಲೆ. ಇವೆರಡೂ ತೀರಾ ಅಪರೂಪ. ಹೆಚ್ಚಿನವರಲ್ಲಿ ಹತ್ತಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತವೆ, ಅಷ್ಟೇ. ಅಜ್ಜಿಯೂ ರೇಷ್ಮೆಗೂಡು ಬೇಯಿಸಿಯೇ ಬದುಕಿದವರು ಅಂತ ನೀವೇ ಬರೆದಿದ್ದೀರಿ. ಇದರಲ್ಲಿ ದುಡಿಮೆಯ ಪಾಲೂ ಇರಬಹುದು.

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದಲೂ ಮೂಳೆ ನೋಯುತ್ತದೆ. ಅದನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪ್‌ನ ನೋವಿನ ಮಾತ್ರೆಯನ್ನು ದಿನಾ ನುಂಗಿಸಬೇಡಿ, ಕಿಡ್ನಿಗೆ ಪೆಟ್ಟು. ನರದ ನೋವಿಗೆ ಬೇರೆಯೇ ಔಷಧಿಗಳಿವೆ, ಫಿಸಿಯೋಥೆರಪಿ ಇದೆ. ಡಾಕ್ಟರ ಹತ್ತಿರ ಹೋದಾಗ ಸೆರಗಿನ ಮಾತು, ನೀರಿನ ಮಾತು ಮೊದಲು ಹೇಳಿ. ಬರೀ ‘ಕೈನೋವು’ ಅಂದರೆ ಮತ್ತೆ ಎಕ್ಸ್‌ರೇಗೇ ಬರೆದುಕೊಡುತ್ತಾರೆ.

– ಸಂಪಾದಕ